ಟೆಂಟಿನಿಂದ ಕ್ಯಾರವಾನಿಗೆ: ಅವಸರವಿಲ್ಲದೆ ಹತ್ತುವ ಮೆಟ್ಟಿಲುಗಳು

ಪುಣೆಯಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದ ಕಡೆ ಈಚೆಗೆ ನನಗೆ ಬರುವುದು ಒಂದೇ ಪ್ರಶ್ನೆ. ಮದುವೆ ಊಟದ ಪಂಕ್ತಿಯಲ್ಲೂ ಅದೇ, ರಾಜ್ಯೋತ್ಸವದ ಕಾರ್ಯಕ್ರಮದಲ್ಲೂ ಅದೇ. "ನಾವೂ ಒಂದು ಕ್ಯಾರವಾನ್ ತಗೊಳ್ಳೋಣ ಅಂತಿದ್ದೀವಿ. ಯಾವುದು ಒಳ್ಳೇದು?" ನಾನು ತಿರುಗಿ ಕೇಳುವುದೂ ಒಂದೇ. "ಟೆಂಟಿನಲ್ಲಿ ಎಷ್ಟು ರಾತ್ರಿ ಮಲಗಿದ್ದೀರಿ?" ಬಹಳ ಸಲ ಉತ್ತರ ಸೊನ್ನೆ. ಇಲ್ಲವೇ ಪಾವನಾ ಕೆರೆ ದಡದಲ್ಲಿ ಆಫೀಸಿನವರ ಜೊತೆ ಒಂದು ರಾತ್ರಿ, ಅದೂ ಬೆಳಗಿನ ತನಕ ಹಾಡು ಹೇಳಿಕೊಂಡು.

ಕ್ಯಾರವಾನ್ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಹೊರಗೆ ಮಲಗಿದಾಗ ನಿಮ್ಮನ್ನು ಕಾಡುವುದು ಏನು ಅಂತ ಮೊದಲು ಗೊತ್ತಾಗಬೇಕು. ಕೆಲವರಿಗೆ ಬೆನ್ನುನೋವು, ಕೆಲವರಿಗೆ ಸೆಖೆ, ಹೆಚ್ಚಿನವರಿಗೆ ಬೆಳಗಿನ ಶೌಚ. ಒಂದೊಂದಕ್ಕೂ ಬೇರೆ ಪರಿಹಾರ, ಬೇರೆ ಖರ್ಚು. ಹಿಂದಿನ ಮೆಟ್ಟಿಲು ನಿಜವಾಗಿ ಕಾಲಿಗೆ ಚುಚ್ಚಿದ ಮೇಲೆಯೇ ಮುಂದಿನದಕ್ಕೆ ದುಡ್ಡು ಹಾಕಿ. ನಮಗೆ ಇದಕ್ಕೆ ಹನ್ನೊಂದು ವರ್ಷ ಹಿಡಿಯಿತು. ನಿಮಗೆ ಮೂರು ನಾಲ್ಕು ಸೀಸನ್ ಸಾಕು. ಸೀಸನ್ ಅಂದರೆ ನಮ್ಮ ಸಹ್ಯಾದ್ರಿಯ ಮಟ್ಟಿಗೆ ಅಕ್ಟೋಬರ್ ಕೊನೆಯಿಂದ ಫೆಬ್ರವರಿ.

ಮೊದಲು ಕೆಲವು ಹೆಸರು ಬಿಡಿಸಿಕೊಳ್ಳೋಣ. ಆರ್‌ವಿ ಅನ್ನುವುದು ಉಂಡು ಮಲಗಲು ಆಗುವ ಎಲ್ಲ ಗಾಡಿಗಳಿಗೂ ಸೇರಿದ ಹೆಸರು. ಹಾಸಿಗೆ, ಸಣ್ಣ ಒಲೆ ಇರುವ ಚಿಕ್ಕ ಗಾಡಿ ಕ್ಯಾಂಪರ್ ವ್ಯಾನ್. ಅಡುಗೆಮನೆ, ಶೌಚ, ನೀರಿನ ಟ್ಯಾಂಕು ಎಲ್ಲ ಕೂಡಿಸಿದ್ದು ಮೋಟರ್ ಕ್ಯಾರವಾನ್. ಆರ್‌ಟಿಒ ದಾಖಲೆಯಲ್ಲಿ ನಡೆಯುವ ಹೆಸರೂ ಇದೇ. ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವುದು ಟ್ರೇಲರ್. ಟ್ರೇಲರ್ ಬಗ್ಗೆ ನನ್ನ ಮಾತು ಚಿಕ್ಕದು: ಬೇಡ. ಘಾಟಿಯ ತಿರುವಿನಲ್ಲಿ ಎದುರಿಗೆ ಎಸ್‌ಟಿ ಬಸ್ಸು ಬಂದು, ನೀವು ಹಿಂದಕ್ಕೆ ಹೋಗಬೇಕಾದಾಗ ಯಾಕೆ ಅಂತ ತಿಳಿಯುತ್ತದೆ.

1. ಬಾಡಿಗೆ ಟೆಂಟಿನಲ್ಲಿ ಮೂರು ರಾತ್ರಿ

ಏನೂ ಕೊಳ್ಳಬೇಡಿ. ಪಾವನಾ, ಭಂಡಾರದರಾ, ಕೊಯ್ನಾ ಹಿನ್ನೀರಿನ ತಾಪೋಳಾ, ಈ ಕಡೆಗಳಲ್ಲಿ ಟೆಂಟು, ಹಾಸಿಗೆ, ಊಟ ಸೇರಿಸಿಯೇ ಬಾಡಿಗೆಗೆ ಕೊಡುತ್ತಾರೆ. ಬೇರೆ ಬೇರೆ ಜಾಗದಲ್ಲಿ ಮೂರು ರಾತ್ರಿ ಕಳೆಯಿರಿ. ಅದರಲ್ಲಿ ಒಂದಾದರೂ ಡಿಸೆಂಬರಿನ ಚಳಿಯ ರಾತ್ರಿ ಆಗಿರಲಿ. ಬೆಳಗ್ಗೆ ಎದ್ದ ಕೂಡಲೇ ಕಾಡಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಡಿ. ಮನೆಗೆ ಬಂದು ಬರೆದರೆ ಎಲ್ಲವೂ ಚೆನ್ನಾಗಿಯೇ ಇತ್ತು ಅನಿಸುತ್ತದೆ.

ವಾರದ ಕೊನೆಯಲ್ಲಿ ಪಾವನಾಕ್ಕೆ ಹೋದರೆ ಸ್ಪೀಕರ್ ಸದ್ದು ತಪ್ಪಿದ್ದಲ್ಲ. ಆದರೆ ಮಂಗಳವಾರ ಬುಧವಾರ ಹೋದರೆ ತಿಕೋನಾ, ತುಂಗ್ ಕೋಟೆಗಳ ನೆರಳು ನೀರಿನಲ್ಲಿ ಕಾಣುವಷ್ಟು ಸ್ತಬ್ಧ.

ಎಚ್ಚರ: ಕೋಟೆಯ ಮೇಲೆ ಟೆಂಟು ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಲೋಹಗಡ, ವಿಸಾಪುರ ಎರಡೂ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕಗಳು. ರಾತ್ರಿ ಮೇಲೆ ಉಳಿಯುವಂತಿಲ್ಲ. ಕೊಯ್ನಾ, ರಾಧಾನಗರಿ, ಭೀಮಾಶಂಕರ ಅಭಯಾರಣ್ಯಗಳ ಒಳಗೂ ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ತಂಗಬೇಡಿ. ಇನ್ನು ಅಣೆಕಟ್ಟಿನ ಕೆಳಗೆ ನದಿಪಾತ್ರದಲ್ಲಿ ಯಾವ ಕಾಲಕ್ಕೂ ಬೇಡ. ಗೇಟು ತೆಗೆದರೆ ನೀರು ಬರುವುದಕ್ಕೆ ನಿಮ್ಮ ತಲೆಯ ಮೇಲೆ ಮಳೆ ಬೀಳಬೇಕಿಲ್ಲ.

2. ಸ್ವಂತ ಟೆಂಟು, ಆದರೆ ಹಾಸಿಗೆ ಮೊದಲು

ಎಲ್ಲರೂ ಮೊದಲು ಟೆಂಟಿಗೆ ದುಡ್ಡು ಸುರಿಯುತ್ತಾರೆ. ನಿದ್ದೆ ಕೆಡಿಸುವುದು ಮಾತ್ರ ಕೆಳಗಿನ ನೆಲ. ಚಳಿ ಮೇಲಿನಿಂದ ಬರುವುದಕ್ಕಿಂತ ಜಾಸ್ತಿ ನೆಲದಿಂದ ಏರುತ್ತದೆ. ಆದ್ದರಿಂದ ಮೊದಲು ದಪ್ಪ ಮ್ಯಾಟ್, ಆಮೇಲೆ ಸ್ಲೀಪಿಂಗ್ ಬ್ಯಾಗ್, ತಲೆಗೆ ಕಟ್ಟುವ ಟಾರ್ಚು. ಟೆಂಟು ಕೊನೆಗೆ.

ಟೆಂಟು ಎರಡು ಪದರದ್ದಿರಲಿ: ಒಳಗೆ ಸೊಳ್ಳೆಪರದೆಯಂಥ ಬಟ್ಟೆ, ಹೊರಗೆ ಮಳೆ ತಡೆಯುವ ಬಟ್ಟೆ. ಒಂದೇ ಪದರದ್ದಾದರೆ ನಿಮ್ಮ ಉಸಿರೇ ಬೆಳಗಿನ ಜಾವ ಹನಿಯಾಗಿ ಮುಖದ ಮೇಲೆ ಬೀಳುತ್ತದೆ. ಟೆಂಟಿಗೆ ಅಂಟಿಸಿದ ಚೀಟಿಯ ಮೇಲೆ 2000, 3000 ಮಿಲಿಮೀಟರ್ ಅಂತ ಬರೆದಿರುತ್ತಾರಲ್ಲ, ಅದು ಬಟ್ಟೆ ಸೋರದೆ ಎಷ್ಟು ಎತ್ತರದ ನೀರಿನ ಒತ್ತಡ ತಡೆಯುತ್ತದೆ ಅನ್ನುವ ಲೆಕ್ಕ. ನಮ್ಮ ಕಡೆಗೆ 3000 ಇದ್ದರೆ ಒಳ್ಳೆಯದು. ನಾಲ್ಕು ಜನರ ಟೆಂಟು ಅಂದರೆ ಇಬ್ಬರು ದೊಡ್ಡವರು, ಒಂದು ಮಗು, ಬ್ಯಾಗುಗಳು ಅಂತ ಓದಿಕೊಳ್ಳಿ.

ಕೆಳಗೆ ಹಾಸುವ ತಾಡಪಾಲು ಟೆಂಟಿನ ತಳಕ್ಕಿಂತ ಒಂದು ಗೇಣು ಚಿಕ್ಕದಿರಬೇಕು. ನಾವು ಮೊದಲ ಸಲ ಧಾರಾಳವಾಗಿ ದೊಡ್ಡದು ಹಾಸಿದ್ದೆವು. ಹೊರಗೆ ಚಾಚಿದ ಅಂಚಿನ ಮೇಲೆ ಬಿದ್ದ ಮಳೆಯೆಲ್ಲ ನೇರ ನಮ್ಮ ಬೆನ್ನ ಕೆಳಗೆ ಬಂದು ನಿಂತಿತು.

ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಟೆಂಟಿನ ಒಳಗೆ, ಮುಂದೆ ವ್ಯಾನಿನ ಒಳಗೂ, ಬಾಗಿಲು ಮುಚ್ಚಿ ಇದ್ದಿಲ ಸಿಗಡಿ ಇಡಬೇಡಿ, ಗ್ಯಾಸ್ ಒಲೆಯನ್ನು ಬೆಚ್ಚಗಾಗಲಿ ಅಂತ ಉರಿಸಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ. ಕೆಂಡ ಆರಿದಂತೆ ಕಂಡರೂ ಅದು ಬರುತ್ತಲೇ ಇರುತ್ತದೆ.

ಇನ್ನೊಂದು. ಸಣ್ಣ ಒಲೆಯ ಬ್ಯುಟೇನ್ ಗ್ಯಾಸ್ ಡಬ್ಬಿಯನ್ನು ರೈಲಿನಲ್ಲಾಗಲಿ ವಿಮಾನದಲ್ಲಾಗಲಿ ಒಯ್ಯುವಂತಿಲ್ಲ.

3. ಕಾರಿಗೆ ಒಗ್ಗಿಸಿಕೊಳ್ಳಿ

ಬೆನ್ನ ಮೇಲೆ ಹೊರುವುದು ನಿಂತಾಗ ಸುಖ ಶುರುವಾಗುತ್ತದೆ. ಮಡಿಸುವ ಕುರ್ಚಿ, ಮೇಜು, ಎರಡು ಬರ್ನರಿನ ಒಲೆ, 20 ಲೀಟರಿನ ನಲ್ಲಿ ಇರುವ ನೀರಿನ ಕ್ಯಾನು. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಯಾರೂ ಫೋಟೊ ಹಾಕುವುದಿಲ್ಲ: ನಿಂತೇ ಸ್ನಾನ ಮಾಡಬಹುದಾದ ಉದ್ದನೆಯ ಟೆಂಟು, ಅದರೊಳಗೆ ಒಂದು ಪೋರ್ಟಬಲ್ ಟಾಯ್ಲೆಟ್. ಇದು ಎರಡು ಭಾಗದ ಪೆಟ್ಟಿಗೆ. ಮೇಲೆ ಶುದ್ಧ ನೀರು, ಕೆಳಗೆ ಮುಚ್ಚಳ ಬಿಗಿದ ಮಲದ ಟ್ಯಾಂಕು. 20 ಲೀಟರಿನ ಟ್ಯಾಂಕು ನಾಲ್ಕು ಜನರಿಗೆ ಎರಡು ಮೂರು ದಿನ ಬರುತ್ತದೆ.

ಕ್ಯಾರವಾನ್ ಬೇಕು ಅನ್ನುವವರಲ್ಲಿ ಅರ್ಧ ಜನಕ್ಕೆ ನಿಜವಾಗಿ ಬೇಕಿರುವುದು ಈ ಪೆಟ್ಟಿಗೆ. ಅಮ್ಮನನ್ನೋ ಅತ್ತೆಯನ್ನೋ ಕರೆದುಕೊಂಡು ಹೋಗಿ ನೋಡಿ. "ಇನ್ನೊಂದು ದಿನ ಇರೋಣ" ಅಂತ ಅವರೇ ಹೇಳಿದರೆ ನೀವು ಇಲ್ಲೇ ನಿಂತುಕೊಳ್ಳಬಹುದು. ಲಕ್ಷಗಟ್ಟಲೆ ಉಳಿಯಿತು.

ಕಾರಿನ ತಲೆಯ ಮೇಲೆ ಬಿಚ್ಚುವ ಟೆಂಟು ಈಗ ಫ್ಯಾಶನ್. ಅದರ ತೂಕವೇ 50ರಿಂದ 70 ಕಿಲೊ. ನಿಮ್ಮ ಕಾರಿನ ಕೈಪಿಡಿಯಲ್ಲಿ ಚಾವಣಿ ಎಷ್ಟು ತೂಕ ತಾಳುತ್ತದೆ ಅಂತ ಬರೆದಿರುತ್ತದೆ. ಓಡುವಾಗಿನ ಲೆಕ್ಕ ಅದು. ಮೊದಲು ಆ ಪುಟ ನೋಡಿ, ಆಮೇಲೆ ಅಂಗಡಿಗೆ ಹೋಗಿ. ರಾತ್ರಿ ಎರಡಕ್ಕೆ ಏಣಿ ಇಳಿದು ಮೂತ್ರಕ್ಕೆ ಹೋಗಬೇಕು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

4. ಬಾಡಿಗೆ ಕ್ಯಾರವಾನಿನಲ್ಲಿ ಮೂರು ದಿನ

ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆ ಅಂತಲೇ ಒಂದು ನೀತಿ ತಂದಿತು. ಅದೇ ವರ್ಷ ಕೇರಳವೂ ತಂದಿತು. ಪುಣೆ, ಮುಂಬೈಯಲ್ಲಿ ಬಾಡಿಗೆಗೆ ಕೊಡುವವರು ಈಗ ಸಿಗುತ್ತಾರೆ. ಒಂದು ರಾತ್ರಿ ಸಾಲದು, ಮೂರು ದಿನ ತಗೊಳ್ಳಿ. ಮೊದಲ ದಿನ ಎಲ್ಲವೂ ಆಟಿಕೆ. ಮೂರನೇ ದಿನ ಒದ್ದೆ ಟವೆಲ್ ಎಲ್ಲಿ ಹರವುವುದು ಅಂತ ಜಗಳ ಶುರುವಾಗುತ್ತದೆ. ಆ ಜಗಳ ನೋಡುವುದಕ್ಕೇ ಬಾಡಿಗೆ ಕೊಡುವುದು.

ಮುಂಗಡ ಕೊಡುವ ಮೊದಲು ಇಷ್ಟು ಕೇಳಿ. ಗಾಡಿ ನಿಂತಾಗ ಎಸಿ ಓಡುತ್ತದೆಯೇ, ಎಷ್ಟು ಹೊತ್ತು? ಶೌಚ ಬಳಸಬಹುದೇ, ಅಥವಾ ಸುಮ್ನೆ ತೋರಿಸಲು ಇದೆಯೇ? ದಿನಕ್ಕೆ ಎಷ್ಟು ಕಿಲೊಮೀಟರ್? ಗೋವಾಕ್ಕೋ ಬೆಳಗಾವಿಗೋ ಹೋದರೆ ಆ ರಾಜ್ಯದ ತೆರಿಗೆ ಯಾರದು? ಮತ್ತೆ ಯಾರೂ ಕೇಳದ ಪ್ರಶ್ನೆ: ಡ್ರೈವರ್ ಎಲ್ಲಿ ಮಲಗುತ್ತಾರೆ? ನಮ್ಮಲ್ಲಿ ಬಾಡಿಗೆ ಕ್ಯಾರವಾನ್ ಸಾಮಾನ್ಯವಾಗಿ ಡ್ರೈವರ್ ಜೊತೆಗೇ ಬರುತ್ತದೆ. ಇಡೀ ದಿನ ಘಾಟಿ ಹತ್ತಿಸಿದವರು ಸ್ಟಿಯರಿಂಗ್ ಮೇಲೆ ತಲೆ ಇಟ್ಟು ಮಲಗಿದರೆ ಮರುದಿನ ನಿಮಗೂ ಕ್ಷೇಮವಲ್ಲ. ಅವರಿಗೊಂದು ಕೋಣೆಯೋ ಟೆಂಟೋ ಮೊದಲೇ ಗೊತ್ತುಮಾಡಿ.

5. ಸ್ವಂತದ್ದು ಬೇಕೇ? ಕಾಗದ ಮೊದಲು, ಪ್ಲೈವುಡ್ ಆಮೇಲೆ

ಇಲ್ಲೇ ಬಹಳ ಜನ ಕೈ ಸುಟ್ಟುಕೊಳ್ಳುವುದು. ಹಳೆಯ ಟ್ರಾವೆಲರ್ ವ್ಯಾನ್ ಒಂದನ್ನು ಅಗ್ಗಕ್ಕೆ ತಂದು, ಪರಿಚಯದ ಬಡಗಿಯಿಂದ ಮಂಚ, ಕಪಾಟು ಮಾಡಿಸಿ, ಇದೇ ಕ್ಯಾರವಾನ್ ಅನ್ನುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿಯಲ್ಲಿ ಇರುವುದಕ್ಕಿಂತ ಬೇರೆ ಆಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಒತ್ತಿ ಹೇಳಿತು. ದಂಡ ಹೋಗಲಿ ಬಿಡಿ. ಅಪಘಾತವಾದಾಗ ವಿಮೆಯವರು "ಇದು ನಾವು ವಿಮೆ ಮಾಡಿದ ಗಾಡಿಯೇ ಅಲ್ಲ" ಅಂತ ಕೈ ತೊಳೆದುಕೊಳ್ಳಬಹುದು.

ನಮ್ಮ ದೇಶದಲ್ಲಿ ಮೋಟರ್ ಕ್ಯಾರವಾನಿಗೆ ಎಐಎಸ್-124 ಅನ್ನುವ ಮಾನದಂಡ ಇದೆ. ಇಂಥ ಗಾಡಿಗಳನ್ನು ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ಸಂಸ್ಥೆಗಳಲ್ಲಿ ಒಂದಾದ ಎಆರ್‌ಎಐ ನಮ್ಮ ಕೋಥ್ರೂಡಿನ ಗುಡ್ಡದ ಮೇಲೆಯೇ ಕೂತಿದೆ. ಗಾಡಿ ಕಟ್ಟಿಕೊಡುವವರ ಬಳಿ ಎರಡೇ ಕಾಗದ ಕೇಳಿ. ಒಂದು, ಈ ಮಾದರಿಗೆ ಸಿಕ್ಕಿರುವ ಒಪ್ಪಿಗೆ ಪತ್ರ. ಎರಡು, ಅವರು ಈಗಾಗಲೇ ಕೊಟ್ಟಿರುವ ಗಾಡಿಯೊಂದರ ಆರ್‌ಸಿ ಪ್ರತಿ. ಅದರಲ್ಲಿ ಯಾವ ವರ್ಗ ಅಂತ ಬರೆದಿದೆ ನೋಡಿ. "ಅದೆಲ್ಲ ನಾವು ಆರ್‌ಟಿಒದಲ್ಲಿ ಅಡ್ಜಸ್ಟ್ ಮಾಡಿಸ್ತೀವಿ" ಅಂದರೆ ಚಹಾ ಕುಡಿದು ಎದ್ದು ಬನ್ನಿ.

ಲೈಸೆನ್ಸ್ ಚಿಂತೆ ಬೇಡ. ಒಟ್ಟು ತೂಕ 7,500 ಕಿಲೊ ಮೀರದ ಗಾಡಿಗಳು ಲಘು ಮೋಟಾರು ವಾಹನದ ಲೆಕ್ಕಕ್ಕೇ ಬರುತ್ತವೆ. ಕಾರಿನ ಲೈಸೆನ್ಸೇ ಸಾಕು. ನಮ್ಮವರು ಇನ್ನೊಂದು ಯೋಚನೆ ಮಾಡುತ್ತಾರೆ: ಊರಿನಲ್ಲಿ ಅಣ್ಣನ ವಿಳಾಸಕ್ಕೆ ಕೆಎ ನಂಬರಿನಲ್ಲೇ ತಗೊಳ್ಳೋಣ ಅಂತ. ಗಾಡಿ 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಉಳಿದರೆ ಎಂಎಚ್ ನಂಬರಿಗೆ ಬದಲಾಯಿಸಲೇಬೇಕು. ತೆರಿಗೆ ಮತ್ತೆ ಕಟ್ಟಬೇಕು. ಅಲ್ಲಿ ಕಟ್ಟಿದ್ದು ವಾಪಸ್ ಪಡೆಯಲು ಓಡಾಟ ಬೇರೆ.

ಮುಂಗಡಕ್ಕೆ ಮುಂಚೆ ಟೇಪು ಹಿಡಿದು ನಿಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಪಾರ್ಕಿಂಗಿಗೆ ಇಳಿಯಿರಿ. ಒಂದು ಕಾರಿನ ಜಾಗ ಸಾಮಾನ್ಯವಾಗಿ 2.5 ಮೀಟರ್ ಅಗಲ, 5 ಮೀಟರ್ ಉದ್ದ. ದೊಡ್ಡ ವ್ಯಾನ್ ಅದರಲ್ಲಿ ಹಿಡಿಯುವುದಿಲ್ಲ, ಬೇಸ್‌ಮೆಂಟಿನ ಪೈಪುಗಳ ಕೆಳಗೆ ನುಸುಳುವುದೂ ಇಲ್ಲ. ಸೊಸೈಟಿಯ ಕಾರ್ಯದರ್ಶಿಯಿಂದ ಬರವಣಿಗೆಯಲ್ಲಿ ಒಪ್ಪಿಗೆ ತಗೊಳ್ಳಿ. ಮುಂಬೈಯವರಾದರೆ ಈ ಒಂದು ಕಾರಣಕ್ಕೇ ನಾಲ್ಕನೇ ಮೆಟ್ಟಿಲಲ್ಲಿ ನಿಲ್ಲುವುದು ಜಾಣತನ ಅಂತ ನನ್ನ ಅಭಿಪ್ರಾಯ.

6. ಒಳಗೆ ಏನು ಇರಬೇಕು

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆಯನ್ನು ಇಲ್ಲಿ ಅಕ್ಷರಶಃ ತಗೊಳ್ಳಿ. ಜಾಗ ಉಳಿಸಲು ಮಂಚವನ್ನು ಅಡ್ಡಕ್ಕೆ ಹಾಕುತ್ತಾರೆ. ಶಾಖ ತಡೆಯುವ ಹಾಳೆ, ಪ್ಲೈವುಡ್ ಸೇರಿ ಎರಡೂ ಗೋಡೆ ಒಳಗೆ ಸರಿದಿರುತ್ತವೆ. ಐದೂವರೆ ಅಡಿಯ ಮೇಲಿನವರು ಮಲಗಿ ನೋಡಿಯೇ ಒಪ್ಪಿ.

ನೀರು: ಒಂದು ಲೀಟರ್ ಒಂದು ಕಿಲೊ. ಬಕೆಟ್ಟು ಸ್ನಾನದ ಅಭ್ಯಾಸ ಬಿಟ್ಟು, ಚೊಂಬಿನಲ್ಲಿ ಲೆಕ್ಕ ಹಾಕಿ ಸುರಿದುಕೊಂಡರೂ ತಲೆಗೆ ದಿನಕ್ಕೆ 20 ಲೀಟರ್ ಬೇಕು. ನಾಲ್ಕು ಜನಕ್ಕೆ 80. ಹಾಗಂತ 300 ಲೀಟರಿನ ಟ್ಯಾಂಕು ಹಾಕಿಸಿದರೆ ನಾಲ್ಕು ದೊಡ್ಡ ಆಳುಗಳನ್ನು ಸದಾ ಹೊತ್ತು ತಿರುಗಿದಂತೆ. 100 ಲೀಟರ್ ಸಾಕು. ಧಾಬಾ, ಪೆಟ್ರೋಲ್ ಬಂಕು, ದೇವಸ್ಥಾನಗಳಲ್ಲಿ ಕೇಳಿದರೆ ಇಲ್ಲ ಅನ್ನುವವರು ಕಡಿಮೆ. 15 ಮೀಟರ್ ಪೈಪು, ಅರ್ಧ ಇಂಚು ಮತ್ತು ಮುಕ್ಕಾಲು ಇಂಚಿನ ನಲ್ಲಿಗಳಿಗೆ ಕೂರುವ ಮೂತಿ ಎರಡೂ ನಿಮ್ಮ ಬಳಿ ಇರಲಿ. ಕುಡಿಯುವ ನೀರು ಬೇರೆ ಕ್ಯಾನಿನಲ್ಲಿ.

ಹೊರಹೋಗುವ ನೀರಿಗೆ ಎರಡು ಹೆಸರು. ಪಾತ್ರೆ ತೊಳೆದ, ಸ್ನಾನದ ನೀರು ಗ್ರೇ ವಾಟರ್. ಶೌಚದ್ದು ಬ್ಲ್ಯಾಕ್ ವಾಟರ್. ಮೊದಲನೆಯದನ್ನೂ ರಸ್ತೆ ಮೇಲೆ ಬಿಟ್ಟುಕೊಂಡು ಹೋಗಬೇಡಿ, ಕೆರೆ ದಡದಲ್ಲಂತೂ ಬೇಡವೇ ಬೇಡ. ಎರಡನೆಯದು ಕಮೋಡಿಗೆ ಅಥವಾ ಸೆಪ್ಟಿಕ್ ಟ್ಯಾಂಕಿಗೆ ಮಾತ್ರ. ಇದನ್ನು ಖಾಲಿ ಮಾಡಲು ಅಂತಲೇ ಕಟ್ಟಿದ ಜಾಗ ನಮ್ಮ ದಾರಿಗಳಲ್ಲಿ ಸಿಗುವುದು ಅಪರೂಪ. ಆದ್ದರಿಂದ ಗಾಡಿಗೆ ಬೆಸೆದ ದೊಡ್ಡ ಟ್ಯಾಂಕಿಗಿಂತ ಸೂಟ್‌ಕೇಸಿನಂತೆ ಎಳೆದು ಒಯ್ಯುವ ಕ್ಯಾಸೆಟ್ ಟ್ಯಾಂಕು ಲೇಸು. ಲಾಡ್ಜಿನ ಶೌಚಾಲಯಕ್ಕೆ ಹೊತ್ತುಕೊಂಡು ಹೋಗಿ ಸುರಿದು, ತೊಳೆದು ಬರಬಹುದು. ವಾಸನೆಗೆ ಹಾಕುವ ದ್ರವದಲ್ಲಿ ಫಾರ್ಮಾಲ್ಡಿಹೈಡ್ ಇರಬಾರದು. ಸೆಪ್ಟಿಕ್ ಟ್ಯಾಂಕಿನಲ್ಲಿ ಕೊಳೆಸುವ ಜೀವಿಗಳನ್ನು ಅದು ಕೊಲ್ಲುತ್ತದೆ.

ಕರೆಂಟಿನ ಲೆಕ್ಕವನ್ನು ವಾಟ್-ಅವರಿನಲ್ಲಿ ಹಾಕಿ. ಹತ್ತು ವಾಟಿನ ದೀಪ ಹತ್ತು ಗಂಟೆ ಉರಿದರೆ 100 ವಾಟ್-ಅವರ್, ಅಷ್ಟೇ. 12 ವೋಲ್ಟಿನ ಸಣ್ಣ ಫ್ರಿಜ್ಜು ದಿನಕ್ಕೆ 300ರಿಂದ 400 ತಿನ್ನುತ್ತದೆ. ಎರಡು ಫ್ಯಾನು ರಾತ್ರಿಯಿಡೀ ಓಡಿದರೆ ಸುಮಾರು 300. ದೀಪ, ಫೋನು ಸೇರಿ 100. ಒಟ್ಟು 800 ಹಿಡಿಯಿರಿ. 100 ಆಂಪಿಯರ್-ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1,280 ವಾಟ್-ಅವರ್ ಇರುತ್ತದೆ, ಒಂದು ದಿನ ಆರಾಮ. ಅದೇ ಅಳತೆಯ ಮಾಮೂಲಿ ಲೆಡ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬಳಸಿದರೆ ಅದು ಬೇಗ ಸಾಯುತ್ತದೆ. ಚಾವಣಿಯ 200 ವಾಟಿನ ಸೋಲಾರ್ ಫಲಕ ಒಳ್ಳೆಯ ಬಿಸಿಲಿದ್ದರೆ ದಿನಕ್ಕೆ ಏಳೆಂಟು ನೂರು ಕೊಡುತ್ತದೆ.

ಎಸಿ ಈ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುತ್ತದೆ. ಒಂದು ಟನ್ನಿನದ್ದು ಗಂಟೆಗೆ ಸಾವಿರ ನುಂಗುತ್ತದೆ, ಅಂದರೆ ಆ ಬ್ಯಾಟರಿ ಒಂದು ಗಂಟೆಗೆ ಖಾಲಿ. ಏಪ್ರಿಲ್-ಮೇನಲ್ಲಿ ಗೋವಾಕ್ಕೆ ಹೋಗಿ ವ್ಯಾನಿನಲ್ಲಿ ಮಲಗುವ ಹಠ ಬಿಟ್ಟರೆ ಎಸಿ ಬೇಕಾಗುವುದಿಲ್ಲ. ಚಾವಣಿಯಲ್ಲಿ ಗಾಳಿ ಹೊರಗೆ ದೂಡುವ ಫ್ಯಾನು, ಕಿಟಕಿಗೆ ಸೊಳ್ಳೆಪರದೆ ಸಾಕು.

ಮಿಕ್ಸಿ ಓಡುತ್ತದೆಯೇ ಅಂತ ಎಲ್ಲರೂ ಕೇಳುತ್ತಾರೆ. ದೋಸೆ ಇದ್ದ ಮೇಲೆ ಚಟ್ನಿ ಬೇಡವೇ? 750 ವಾಟಿನ ಮಿಕ್ಸಿ ಮೂರು ನಿಮಿಷ ತಿರುಗಿದರೆ ಖರ್ಚು 40 ವಾಟ್-ಅವರ್ ಕೂಡ ಇಲ್ಲ. ಆದರೆ ಶುರುವಾಗುವ ಕ್ಷಣ ಅದು ಜೋರಾಗಿ ಎಳೆಯುತ್ತದೆ. ಬ್ಯಾಟರಿಯ ಕರೆಂಟನ್ನು ಮನೆಯ 230 ವೋಲ್ಟಿಗೆ ಬದಲಿಸುವ ಇನ್ವರ್ಟರ್ 1,500 ವಾಟಿನದಾದರೂ ಇರಲಿ, ಪ್ಯೂರ್ ಸೈನ್ ವೇವ್ ಅಂತ ಬರೆದಿರಲಿ.

7. ದಾರಿಯಲ್ಲಿ

ಮೊದಲ ಸಲ ಊರಿನ ದಾರಿಯೇ ಸರಿ. ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ ಮೇಲೆ ಧಾರವಾಡಕ್ಕೆ 48ನೇ ಹೆದ್ದಾರಿ. ಅಗಲ ರಸ್ತೆ, ದಾರಿಗುಂಟ ಊಟ, ಕೆಟ್ಟರೆ ಮೆಕ್ಯಾನಿಕ್ಕು. ತಾಮ್ಹಿಣಿ, ಆಂಬೋಲಿ, ಚೋರ್ಲಾ ಘಾಟಿಗಳು ಗಾಡಿಯ ಉದ್ದ ಕೈಗೆ ಕೂತ ಮೇಲೆ. ಇಳಿಯುವಾಗ ಹತ್ತಲು ಬೇಕಾಗುವ ಗೇರಿನಲ್ಲೇ ಇಳಿಯಿರಿ. ಬ್ರೇಕಿನ ಮೇಲೇ ಕಾಲಿಟ್ಟರೆ ಅದು ಕಾದು ಹಿಡಿಯುವುದನ್ನೇ ಬಿಡುತ್ತದೆ. ಗಾಡಿಯ ಎತ್ತರವನ್ನು ಅಡಿ-ಇಂಚಿನಲ್ಲಿ ಬರೆದು ಸ್ಟಿಯರಿಂಗ್ ಪಕ್ಕ ಅಂಟಿಸಿ. ಕೆಳಸೇತುವೆಯ ಮುಂದೆ ನೆನಪು ಕೈಕೊಡುತ್ತದೆ.

ರಾತ್ರಿಗೆ ನಿಲ್ಲಲು ಕತ್ತಲಾಗುವ ಮೊದಲೇ ಜಾಗ ನೋಡಿ. ಎಂಟಿಡಿಸಿ, ಅಂದರೆ ರಾಜ್ಯದ ಪ್ರವಾಸೋದ್ಯಮ ನಿಗಮದ ರೆಸಾರ್ಟುಗಳಿಗೆ ಮೊದಲೇ ಫೋನು ಮಾಡಿ ಆವರಣದಲ್ಲಿ ನಿಲ್ಲಿಸಬಹುದೇ ಕೇಳಿ. ಗಣಪತಿಪುಳೆ, ತಾರ್ಕರ್ಲಿ, ಹರಿಹರೇಶ್ವರ, ಮಹಾಬಳೇಶ್ವರ ಎಲ್ಲ ಕಡೆ ಅವು ಇವೆ. ಹಳ್ಳಿಯಲ್ಲಾದರೆ ಮರಾಠಿಯಲ್ಲಿ ಒಂದು ಮಾತು: "ಕಾಕಾ, ರಾತ್ರೀ ಇಥೇ ಗಾಡೀ ಲಾವೂ ಕಾ?" (ರಾತ್ರಿ ಇಲ್ಲಿ ಗಾಡಿ ನಿಲ್ಲಿಸಲೇ?) ಹೊಲದ ಅಂಚು ಸಿಗುತ್ತದೆ, ಕೆಲವೊಮ್ಮೆ ಊಟಕ್ಕೆ ಪಿಠಲಾ-ಭಾಕರಿಯೂ.

ಗೋವಾದಲ್ಲಿ ಎರಡು ಎಚ್ಚರ. ಕಡಲತೀರದಂಥ ಪ್ರವಾಸಿ ಜಾಗಗಳಲ್ಲಿ ಬಯಲಲ್ಲಿ ಅಡುಗೆ ಮಾಡುವುದು, ಕುಡಿಯುವುದು 2019ರ ತಿದ್ದುಪಡಿಯಿಂದ ಅಪರಾಧ. ಮರಳಿನ ಮೇಲೆ ಗಾಡಿ ಇಳಿಸುವುದೂ ಹಾಗೆಯೇ. ಇನ್ನು ಫ್ರಿಜ್ಜು ಇದೆ ಅಂತ ಬಾಟಲಿ ತುಂಬಿಕೊಂಡು ಬರಬೇಡಿ. ಪರವಾನಗಿ ಇಲ್ಲದೆ ಗೋವಾದ ಮದ್ಯ ಮಹಾರಾಷ್ಟ್ರಕ್ಕೆ ತಂದರೆ ಗಾಡಿಯನ್ನೇ ಹಿಡಿದಿಡುತ್ತಾರೆ.

8. ಮಳೆಗಾಲಕ್ಕೆ ಮಲಗಿಸುವುದು

ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ವ್ಯಾನು ನಿಂತೇ ಇರುತ್ತದೆ. ಹಾಳಾಗುವುದೂ ಆಗಲೇ. ಟ್ಯಾಂಕುಗಳನ್ನು ಖಾಲಿ ಮಾಡಿ ನಲ್ಲಿಗಳನ್ನೆಲ್ಲ ತೆರೆದಿಡಿ. ಹಾಸಿಗೆಯನ್ನು ನಿಲ್ಲಿಸಿ ಇಡಿ, ಮಲಗಿಸಿಟ್ಟರೆ ಕೆಳಗೆ ಬೂಷ್ಟು. ಸಾಧ್ಯವಾದರೆ ಮನೆಯೊಳಗೇ ತನ್ನಿ. ಲಿಥಿಯಂ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಬಿಟ್ಟು ತಂತಿ ಬಿಚ್ಚಿ. ಫ್ರಿಜ್ಜಿನ ಬಾಗಿಲಿಗೆ ಒಂದು ಮಡಿಸಿದ ಬಟ್ಟೆ ಸಿಕ್ಕಿಸಿ, ಪೂರ್ತಿ ಮುಚ್ಚದಿರಲಿ. ಹದಿನೈದು ದಿನಕ್ಕೊಮ್ಮೆ ಗಾಡಿ ಶುರುಮಾಡಿ ಸೊಸೈಟಿಯನ್ನು ಎರಡು ಸುತ್ತು ಹಾಕಿಸಿ. ಚಾವಣಿಯ ಫ್ಯಾನು, ಸೋಲಾರಿನ ತಂತಿ ಒಳಗೆ ಬರುವ ತೂತುಗಳ ಸುತ್ತ ಬೆರಳಾಡಿಸಿ, ತೇವ ಇದ್ದರೆ ಸೀಲಂಟು ಮತ್ತೆ ಹಚ್ಚಿ. ಇಲಿಗಳಿಗೆ ತಂತಿಯ ಹೊದಿಕೆ ಅಂದರೆ ಬಲು ರುಚಿ. ಹಾಗಾಗಿ ಒಳಗೆ ಒಂದು ಕಾಳು ಅಕ್ಕಿಯನ್ನೂ ಉಳಿಸಬೇಡಿ. ನಮ್ಮ ಗಾಡಿಯಲ್ಲಿ ಅವು ನೀರಿನ ಪಂಪಿನ ತಂತಿಯಿಂದ ಶುರುಮಾಡಿದ್ದವು. ಅಕ್ಟೋಬರಿನಲ್ಲಿ ಮೊದಲ ಪ್ರಯಾಣದ ಹಿಂದಿನ ದಿನ ಎಲ್ಲ ಸ್ವಿಚ್ಚು ಒಂದೊಂದಾಗಿ ಹಾಕಿ ನೋಡಿ, ಒಂದು ರಾತ್ರಿ ಪಾರ್ಕಿಂಗಿನಲ್ಲೇ ಅದರೊಳಗೆ ಮಲಗಿ. ವಾಚ್‌ಮನ್ ನಗುತ್ತಾರೆ, ನಗಲಿ.